ಮೊದಲು ಅವ್ವನ ಸೀರೆಯ ಹಿಂಬದಿ ನೋಡಿ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಮ್ಮದು ಗದಗ, ಹಳೆಯ ಹಂಚಿನ ಮನೆ. ಮಳೆ ಹಿಂದೆ ಸರಿದಿದೆ, ದಸರಾ ಹತ್ತಿರ ಬಂತು. ಅಟ್ಟ, ಹಾಸಿಗೆ, ಕೌದಿ, ಪಾತ್ರೆ ಎಲ್ಲಾ ತೊಳೆಯುವ ಕೆಲಸ ಬಿದ್ದಿದೆ. ಮೊನ್ನೆ ಟ್ರಂಕು ತೆಗೆದಾಗ ನಮ್ಮ ಅವ್ವನ ಕಪ್ಪು ಚಂದ್ರಕಾಳಿ ಸೀರೆ ಸಿಕ್ಕಿತು. ಸೆರಗಿನ ತುಂಬಾ ಕಸೂತಿ. ಆದರೆ ಮಡಿಕೆಯಲ್ಲಿ ಬಿಳಿ ಬೂಷ್ಟು ಹಿಡಿದಿದೆ, ಎರಡು ಮೂರು ಕಡೆ ದಾರ ಬಿಟ್ಟಿದೆ. ಇದನ್ನು ಉಳಿಸುವುದು ಹೇಗೆ? ಕಸೂತಿ ಕಲಿಯಬೇಕು ಅನ್ನೋ ಆಸೆ ನನಗೂ ಬಹಳ ದಿನದ್ದು. ವಯಸ್ಸು 51, ಚಾಳೀಸು ಬಂದಿದೆ. ಹಬ್ಬದ ಕೆಲಸ ಎಲ್ಲಾ ಮುಗಿದ ಮೇಲೆ ಶುರು ಮಾಡಲಾ, ಇಲ್ಲಾ ಇನ್ನು ಈ ಆಸೆಯನ್ನೇ ಬಿಡಲಾ?

ಉತ್ತರ: ತಂಗಿ, ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೆಲಸ ಮುಗಿದ ಮೇಲೆ ಅಂತ ಕಾಯಬೇಡಿ. ನಮ್ಮ ಕಡೆ ಕೆಲಸ ಮುಗಿಯುವುದು ಅಂತ ಇದೆಯಾ? ದಸರಾ ಆದರೆ ಶೀಗಿ ಹುಣ್ಣಿಮೆ, ಅದಾದರೆ ದೀಪಾವಳಿ, ಆಮೇಲೆ ಗೌರಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ. ನಾನು ಧಾರವಾಡದಲ್ಲಿ ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸಿದೆ. ‘ಒಂದಿಷ್ಟು ಕೆಲಸ ಅದಾವ್ರಿ, ಮುಗಿಸಿ ಬರ್ತೀನಿ’ ಅಂದವರು ಒಬ್ಬರೂ ತಿರುಗಿ ಬರಲಿಲ್ಲ. ಒಲೆ ಮೇಲೆ ಬೇಳೆ ಇಟ್ಟು ಓಡಿ ಬಂದವರು ಕಲಿತರು. ನಿಮಗಂತೂ ಟ್ರಂಕು ತೆಗೆದ ದಿನವೇ ಪಾಠ ಶುರು ಆಗಿದೆ. ಅದಕ್ಕೆ ಆಮೇಲೆ ಬರುತ್ತೇನೆ. ಈಗ ಸೀರೆ.

ಬೂಷ್ಟು ಹಿಡಿದ ಬಟ್ಟೆ ಕಂಡ ಕೂಡಲೇ ನಾವು ಮಾಡುವ ತಪ್ಪು ಒಂದೇ. ನೀರಿಗೆ ಹಾಕುತ್ತೇವೆ. ಬೇಡ. ಬೂಷ್ಟು ಬೆಳೆದದ್ದೇ ತೇವದಿಂದ. ಮೊದಲು ಅದು ಒಣಗಬೇಕು. ಮನೆಯೊಳಗೆ ಕೊಡವಿದರೆ ಪುಡಿ ಹಾರಿ ಉಳಿದ ಬಟ್ಟೆಯ ಮೇಲೆ ಕೂರುತ್ತದೆ. ಅದಕ್ಕೆ ಅಂಗಳಕ್ಕೋ ಮಾಳಿಗೆ ಮೇಲಕ್ಕೋ ಒಯ್ಯಿರಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ನೆರಳಲ್ಲಿ ಒಂದು ಚಾದರ ಹಾಸಿ ಅದರ ಮೇಲೆ ಸೀರೆ ಬಿಚ್ಚಿ, ಗಾಳಿಗೆ ಎರಡು ಮೂರು ತಾಸು ಬಿಡಿ. ಹಗ್ಗಕ್ಕೆ ಹಾಕಬೇಡಿ. ಹಳೆಯ ಸೀರೆ ತನ್ನ ಭಾರಕ್ಕೇ ಹರಿಯುತ್ತದೆ. ಹಳೆಯ ಕಪ್ಪು ಬಣ್ಣಗಳಲ್ಲಿ ಕೆಲವನ್ನು ಕಬ್ಬಿಣದ ಉಪ್ಪು ಸೇರಿಸಿ ಮಾಡುತ್ತಿದ್ದರು. ಅಂಥ ಬಣ್ಣ ವರ್ಷ ಕಳೆದ ಹಾಗೆ ನೂಲನ್ನೇ ತಿನ್ನುತ್ತದೆ. ಕೈಯಲ್ಲಿ ಹಿಡಿದಾಗ ಹಪ್ಪಳದ ಹಾಗೆ ಅನಿಸಿದರೆ ಅದನ್ನು ತೊಳೆಯುವ, ಉಡುವ ಮಾತು ಬಿಟ್ಟುಬಿಡಿ. ಬರೇ ಗಾಳಿಗೆ ಹಾಕಿ, ಧೂಳು ತೆಗೆದು, ಸುತ್ತಿ ಇಡಿ.

ಒಣಗಿದ ಮೇಲೆ ಮೆತ್ತಗಿನ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಜಾಡಿಸಿ. ತೊಟ್ಟಿಲ ಕೂಸಿನ ತಲೆ ಬಾಚುವ ಬ್ರಷ್ಷು ಚೆನ್ನಾಗಿರುತ್ತದೆ. ಬಿಳಿ ಪುಡಿ ಬಹುಪಾಲು ಇಷ್ಟಕ್ಕೇ ಹೋಗುತ್ತದೆ. ಕಂದು ಚುಕ್ಕೆ ಉಳಿದರೆ ಉಳಿಯಲಿ. ಅದನ್ನು ತೆಗೆಯಲು ಬ್ಲೀಚು ಹಾಕಿದರೆ ಚುಕ್ಕೆಯ ಜೊತೆ ಕಪ್ಪು ಬಣ್ಣವೂ ಹೋಗುತ್ತದೆ.

ತೊಳೆಯಲೇಬೇಕು ಅನಿಸಿದರೆ ಎರಡು ಪರೀಕ್ಷೆ ಮಾಡಿ. ಒಂದು, ಸೀರೆ ಹತ್ತಿಯದೋ ರೇಷ್ಮೆಯದೋ. ಅಂಚಿನಿಂದ ಒಂದೇ ಎಳೆ ತೆಗೆದು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಒಡಲು ಹತ್ತಿ ಇದ್ದು ಸೆರಗು ಬೇರೆ ನೂಲಿನದು ಇರಬಹುದು, ಇಳಕಲ್ ಸೀರೆಯಲ್ಲಿ ಅದು ಮಾಮೂಲು. ಹಾಗಾಗಿ ಎರಡೂ ಕಡೆಯಿಂದ ಎಳೆ ತೆಗೆಯಿರಿ. ಎರಡನೆಯದು ಬಣ್ಣದ್ದು. ಬಿಳಿ ಅರಿವೆಯ ಚೂರು ಒದ್ದೆ ಮಾಡಿ, ಕಸೂತಿಯ ಒಂದೊಂದು ಬಣ್ಣದ ದಾರದ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಹಿಂಬದಿಯಲ್ಲೇ ಮಾಡಿ. ಅರಿವೆಗೆ ಬಣ್ಣ ಹತ್ತಿದರೆ ನೀರು ಮುಟ್ಟಿಸಬೇಡಿ.

ಇಲ್ಲಿ ನನ್ನದೊಂದು ಕಥೆ ಹೇಳಲೇಬೇಕು. ನನ್ನ ಅತ್ತೆಯ ಸೀರೆಯಲ್ಲಿ ಕೆಂಪು ಮತ್ತು ಬಿಳಿ ದಾರದ ತುಳಸಿ ಕಟ್ಟೆಗಳು ಇದ್ದವು. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ಬಿಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರಲ್ಲ, ನಾನೂ ನಂಬಿದ್ದೆ. ಅರ್ಧ ತಾಸಿಗೆ ಬಿಳಿ ತುಳಸಿಗಳೆಲ್ಲಾ ಗುಲಾಬಿ ಆದವು. ಅತ್ತೆ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು. ಬಣ್ಣ ಹಾಕುವ ಹೊತ್ತಿಗೆ ಉಪ್ಪಿಗೆ ಒಂದು ಕೆಲಸ ಇರುತ್ತದೆ, ನಿಜ. ಬಣ್ಣ ಹಾಕಿ ಮುಗಿದ ದಾರವನ್ನು ಮನೆಯ ಬಕೆಟ್ಟಿನಲ್ಲಿ ಉಪ್ಪು ಹಿಡಿದು ನಿಲ್ಲಿಸುವುದಿಲ್ಲ.

ಬಣ್ಣ ಗಟ್ಟಿ ಇದ್ದು, ಬಟ್ಟೆಯೂ ಹತ್ತಿಯದಾಗಿ ಗಟ್ಟಿ ಇದ್ದರೆ, ಅಂಟವಾಳಕಾಯಿ ರಾತ್ರಿ ನೆನೆಸಿ, ಕಿವುಚಿ, ಸೋಸಿದ ತಣ್ಣನೆ ನೀರು ಸಾಕು. ಸೀರೆಯನ್ನು ಚಾದರದ ಮೇಲೇ ಇಟ್ಟು ಚಾದರ ಸಮೇತ ಮುಳುಗಿಸಿ, ಚಾದರ ಸಮೇತ ಎತ್ತಿ. ಹಿಂಡಬೇಡಿ, ಒಗೆಯುವ ಕಲ್ಲಿನ ಹತ್ತಿರವೂ ಹೋಗಬೇಡಿ. ರೇಷ್ಮೆ ಅಂತ ಗೊತ್ತಾದರೆ ಹಳೆಯ ಸೀರೆಯ ಕೆಲಸ ತಿಳಿದ ಡ್ರೈ ಕ್ಲೀನಿಂಗಿನವರಿಗೇ ಕೊಡಿ. ಕಸೂತಿಯ ಮೇಲೆ ಇಸ್ತ್ರಿ ಒತ್ತಬಾರದು ಅಂತ ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಒತ್ತಿಯೇ ಒತ್ತುತ್ತಾರೆ.

ಟ್ರಂಕಿನ ವಿಷಯ ಬೇಗ ಮುಗಿಸುತ್ತೇನೆ. ಮೊದಲು ಮೇಲಿನ ಹಂಚು ನೋಡಿಸಿ. ಸೋರುವ ಅಟ್ಟದ ಕೆಳಗೆ ಎಷ್ಟು ಚೊಕ್ಕ ಮಾಡಿ ಇಟ್ಟರೂ ಮುಂದಿನ ವರ್ಷ ಇದೇ ಪತ್ರ ಬರೆಯುತ್ತೀರಿ. ನವರಾತ್ರಿ ಹೊತ್ತಿಗೆ ನಮ್ಮ ಕಡೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ಹಾಗಾಗಿ ಬಟ್ಟೆ ಗಾಳಿಗೆ ಹಾಕುವ ಕೆಲಸ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರ ಒಳಗೆ ಆಗಿಬಿಡಲಿ. ಟ್ರಂಕನ್ನೂ ಬಾಯಿ ತೆಗೆದು ಬಿಸಿಲಿಗೆ ಇಡಿ. ಒಳಗೆ ಪೇಪರ್ ಹಾಸುವ ಅಭ್ಯಾಸ ಬಿಡಿ, ಶಾಯಿ ಹತ್ತುತ್ತದೆ. ತೊಳೆದ ಹಳೆ ಧೋತರ ಹಾಸಿ, ಸೀರೆಯನ್ನು ಇನ್ನೊಂದು ಧೋತರದಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರು ಬೇಡ, ತೇವ ಒಳಗೇ ಕೂರುತ್ತದೆ. ಗಂಜಿ ಹಾಕಿದ ಬಟ್ಟೆಯನ್ನು ಹಾಗೇ ಒಳಗಿಡಬೇಡಿ. ಬೆಳ್ಳಿ ಬಣ್ಣದ ಹುಳ ಬರುವುದೇ ಆ ಗಂಜಿ ತಿನ್ನಲು. ಬೇವಿನ ಸೊಪ್ಪು ಹಾಕುವುದಾದರೆ ಪೂರ್ತಿ ಒಣಗಿಸಿ ಚೀಲಕ್ಕೆ ತುಂಬಿ ಹಾಕಿ, ಹಸಿ ಸೊಪ್ಪು ಕಲೆ ಮಾಡುತ್ತದೆ. ಡಾಂಬರು ಗುಳಿಗೆ ಜರಿಗೆ ತಾಗಬಾರದು. ಕೂಸಿನ ಬಟ್ಟೆ ಇರುವ ಪೆಟ್ಟಿಗೆಯಲ್ಲಂತೂ ಇಡಲೇಬಾರದು. ಇನ್ನು ವರ್ಷಕ್ಕೆ ಎರಡು ಸಲ ಸೀರೆ ತೆಗೆದು ಮಡಿಕೆ ಬದಲಿಸಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರಾಕ್ಕೆ ಒಮ್ಮೆ. ಮಡಿಕೆ ಬಿದ್ದ ಕಡೆಯೇ ಮತ್ತೆ ಮತ್ತೆ ಮಡಿಸಿದರೆ ನೂಲು ಅಲ್ಲೇ ಕತ್ತರಿಸುತ್ತದೆ. ನಿಮ್ಮ ಅವ್ವನ ಸೀರೆಯ ದಾರ ಬಿಟ್ಟದ್ದೂ ಮಡಿಕೆ ಮೇಲೆಯೇ ಇರಬೇಕು, ನೋಡಿ.

ಈಗ ನಾನು ಹೇಳಬೇಕು ಅಂದುಕೊಂಡ ಮಾತಿಗೆ ಬಂದೆ. ಆ ದಾರ ಬಿಟ್ಟ ಜಾಗವನ್ನು ಕತ್ತರಿಸಬೇಡಿ, ಎಳೆಯಬೇಡಿ. ಸೀರೆ ತಿರುಗಿಸಿ, ಹಿಂಬದಿ ಮೇಲೆ ಮಾಡಿ ಬೆಳಕಿಗೆ ಹಿಡಿಯಿರಿ. ಏನು ಕಾಣುತ್ತದೆ? ಗಂಟಿಲ್ಲ. ದಾರ ಅಡ್ಡಾದಿಡ್ಡಿ ಹಾರಿಲ್ಲ. ಮುಂಬದಿಯಲ್ಲಿ ಇರುವ ಗೋಪುರದ ಚಿತ್ರ ಹಿಂದೆಯೂ ಅದೇ ಗೋಪುರ. ಅದು ಗಾವಂತಿ, ಸೂಜಿ ಹೋದ ದಾರಿಯಲ್ಲೇ ತಿರುಗಿ ಬಂದು ಸಂದು ತುಂಬುವ ಹೊಲಿಗೆ. ಅವ್ವ ಇಲ್ಲದಿದ್ದರೇನು, ಅವಳ ಸೂಜಿ ಯಾವ ದಾರಿ ಹಿಡಿದು ಹೋಯಿತು, ಎಲ್ಲಿ ತಿರುಗಿತು, ಎಲ್ಲಿ ದಾರ ಮುಗಿದು ಹೊಸದು ಹಾಕಿದಳು, ಎಲ್ಲವೂ ಅಲ್ಲೇ ಇದೆ. ದಾರ ಬಿಟ್ಟು ಅರ್ಧ ಗೆರೆ ಉಳಿದ ಜಾಗ ಇದೆಯಲ್ಲ, ಅಲ್ಲಂತೂ ಇನ್ನೂ ಸ್ಪಷ್ಟ. ಒಂದು ಹೊಲಿಗೆ ಇದೆ, ಒಂದು ಇಲ್ಲ, ಒಂದು ಇದೆ, ಒಂದು ಇಲ್ಲ. ಹೋಗುವಾಗಿನ ದಾರ ಉಳಿದಿದೆ, ಬರುವಾಗಿನದು ಬಿಟ್ಟಿದೆ. ನಾನು ತರಗತಿಯಲ್ಲಿ ಹಲಗೆ ಮೇಲೆ ಬರೆದು ಬರೆದು ಹೇಳುತ್ತಿದ್ದದ್ದನ್ನು ನಿಮಗೆ ಆ ಸೀರೆಯೇ ತೋರಿಸುತ್ತದೆ.

ಕಸೂತಿಯಲ್ಲಿ ನಾಲ್ಕು ಹೊಲಿಗೆ. ಗಾವಂತಿ, ಮುರ್ಗಿ, ನೇಯ್ಗೆ, ಮೆಂತೆ. ಮುರ್ಗಿಯೂ ಗಾವಂತಿಯ ಹಾಗೆ ಹೋಗಿ ಬರುವುದೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಎರಡೂ ಕಡೆ ಒಂದೇ ಥರ ಕಾಣುತ್ತದೆ. ನೇಯ್ಗೆ ಸಾಲು ಸಾಲು ಓಟದ ಹೊಲಿಗೆ. ದೂರದಿಂದ ನೋಡಿದರೆ ಮಗ್ಗದಲ್ಲೇ ನೇಯ್ದ ಹಾಗೆ ಕಾಣುತ್ತದೆ. ಮೆಂತೆ ಅಂದರೆ ಅಡ್ಡ ಗುಣಿಸು ಚಿಹ್ನೆಯ ಹೊಲಿಗೆ, ಮೆಂತೆ ಕಾಳು ಚೆಲ್ಲಿದ ಹಾಗೆ. ಅದು ಭಾರ, ಸೀರೆಗೆ ಕಮ್ಮಿ. ನೀವು ಗಾವಂತಿ ಒಂದನ್ನೇ ಹಿಡಿಯಿರಿ. ಅದು ಬಂದರೆ ಮುರ್ಗಿ ಒಂದು ಮಧ್ಯಾಹ್ನದ ಕೆಲಸ.

ಕಸೂತಿಗೆ ಪೆನ್ಸಿಲ್ ಗೀಟು ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಅದಕ್ಕೆ ಎಣಿಸಲು ಬರುವ ಬಟ್ಟೆ ಬೇಕು. ಇಳಕಲ್ ಸೀರೆಗೆ ಈಗಲೇ ಕೈ ಹಾಕಬೇಡಿ, ನಿಮ್ಮ ಕಣ್ಣಿಗೂ ಸೀರೆಗೂ ಇಬ್ಬರಿಗೂ ಅನ್ಯಾಯ. ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಕೇಳಿ. ಚೌಕ ಚೌಕ ಕಾಣುವ ಬಟ್ಟೆ. ಇಂಚಿಗೆ 14 ಚೌಕದ್ದು ಸಿಗುತ್ತದೆ, 11ರದ್ದೂ ಸಿಗುತ್ತದೆ. ಚಾಳೀಸಿನವರಿಗೆ 11ರದ್ದೇ ಲೇಸು. ಲೆಕ್ಕವೂ ಸುಲಭ: 44 ಚೌಕದ ಗೋಪುರ ನಾಲ್ಕು ಇಂಚು ಅಗಲ ಆಗುತ್ತದೆ. ಗದಗದಲ್ಲಿ ಸಿಗದಿದ್ದರೆ ಹುಬ್ಬಳ್ಳಿಗೆ ಹೋದಾಗ ದುರ್ಗದ ಬೈಲ್ ಕಡೆ ಕೇಳಿ.

ಖಾದಿ ಮೇಲೆ ಮಾಡಲಾ ಅಂತ ಕೆಲವರು ಕೇಳುತ್ತಾರೆ. ನಮ್ಮ ಗರಗ, ಬೆಂಗೇರಿಯ ಖಾದಿ ರಾಷ್ಟ್ರಧ್ವಜಕ್ಕೇ ಹೆಸರಾದದ್ದು, ಅಭಿಮಾನ ಇರುವುದು ಸಹಜ. ನಾನೂ ಒಮ್ಮೆ ಖಾದಿ ಚೂರು ತಂದು ಕಮಲ ಹಾಕಿದೆ. ಕೈನೂಲು ಒಂದು ಎಳೆ ದಪ್ಪ, ಒಂದು ಎಳೆ ಸಣ್ಣ. ಎಣಿಸಿದ್ದು ಸರಿ ಇತ್ತು, ಕಮಲ ಮಾತ್ರ ಒಂದು ಕಡೆ ಉದ್ದ ಆಗಿ ಬದನೆಕಾಯಿ ಹಾಗೆ ಕಂಡಿತು. ಕಲಿಯುವಾಗ ಬೇಡ.

ದಾರಕ್ಕೆ ಆಂಕರ್ ಕಂಪನಿಯ ಲಡಿ ತನ್ನಿ, ಆರು ಎಳೆಯದು. ಮ್ಯಾಟಿ ಬಟ್ಟೆಗೆ ಎರಡು ಅಥವಾ ಮೂರು ಎಳೆ ಬಿಡಿಸಿಕೊಳ್ಳಿ. ಮುಂದೆ ಸೀರೆಗೆ ಬಂದಾಗ ಒಂದೇ ಎಳೆ, ಬಹಳ ಅಂದರೆ ಎರಡು. ಉದ್ದ ಒಂದು ಮೊಳ ಸಾಕು. ಪದೇ ಪದೇ ಪೋಣಿಸುವ ಬೇಸರಕ್ಕೆ ಮಾರುದ್ದ ತೆಗೆದುಕೊಂಡರೆ ದಾರ ಸವೆದು ಗುಂಗುರು ಎದ್ದು ಗಂಟು ಬೀಳುತ್ತದೆ. ಸೂಜಿ ಮೊಂಡು ತುದಿಯದು, 24ನೇ ನಂಬರಿನದು. ಚೂಪು ಸೂಜಿ ಎಳೆಯನ್ನು ಸೀಳಿಕೊಂಡು ಹೋಗುತ್ತದೆ, ಮೊಂಡು ಸೂಜಿ ಎಳೆಗಳ ನಡುವಿನ ಸಂದು ಹುಡುಕಿಕೊಂಡು ಹೋಗುತ್ತದೆ.

ಈಗ ಒಂದು ಗೆರೆ ಹಾಕೋಣ. ಹತ್ತು ಚೌಕ ಎಣಿಸಿ. ಗಂಟು ಹಾಕದೆ ಹಿಂದೆ ಒಂದು ಗೇಣು ದಾರ ಬಿಡಿ, ಅದನ್ನು ಕೊನೆಗೆ ಹೊಲಿಗೆಗಳ ಒಳಗೆ ಸೇರಿಸೋಣ. ಮೊದಲ ಚೌಕದಲ್ಲಿ ದಾರ ಬಟ್ಟೆಯ ಮೇಲೆ, ಎರಡನೆಯದರಲ್ಲಿ ಬಟ್ಟೆಯ ಕೆಳಗೆ, ಮೂರನೆಯದು ಮೇಲೆ, ನಾಲ್ಕನೆಯದು ಕೆಳಗೆ. ಹತ್ತಕ್ಕೆ ಹೋಗಿ ಮುಟ್ಟಿದರೆ ಮುಂದೆ ಐದು ಹೊಲಿಗೆ ಕಾಣುತ್ತವೆ, ನಡುವೆ ಸಂದು. ಈಗ ಅದೇ ದಾರಿಯಲ್ಲಿ ತಿರುಗಿ ಬನ್ನಿ, ಹೋಗುವಾಗ ಕೆಳಗೆ ಹೋದ ಕಡೆ ಈಗ ಮೇಲೆ. ಒಂದಕ್ಕೆ ಬಂದು ಮುಟ್ಟಿದಾಗ ಗೆರೆ ಎರಡೂ ಕಡೆ ತುಂಬಿರುತ್ತದೆ. ತಿರುಗಿ ಬರುವಾಗ ಒಂದು ಗುಟ್ಟು ಇದೆ. ಸೂಜಿ ಹಳೆಯ ಹೊಲಿಗೆಯ ಮೇಲ್ಮಗ್ಗುಲಿಂದ ಒಳಗೆ ಹೋದರೆ, ಕೆಳಮಗ್ಗುಲಿಂದ ಹೊರಗೆ ಬರಲಿ. ಪ್ರತಿ ಸಲವೂ ಹೀಗೇ. ಒಮ್ಮೆ ಹಾಗೆ ಒಮ್ಮೆ ಹೀಗೆ ಮಾಡಿದರೆ ಗೆರೆ ಇರುವೆ ಸಾಲಿನ ಹಾಗೆ ಸೊಟ್ಟ ಆಗುತ್ತದೆ.

ಕವಲು ಬಂದಾಗ ಎಲ್ಲರೂ ತಬ್ಬಿಬ್ಬಾಗುತ್ತಾರೆ. ದಸರಾ ದಿನ ಬನ್ನಿ ಕೊಡಲು ಹೋಗುತ್ತೀರಲ್ಲ, ಅದನ್ನೇ ನೆನೆಸಿಕೊಳ್ಳಿ. ದೊಡ್ಡ ರಸ್ತೆಯಲ್ಲಿ ಹೋಗುವಾಗ ಓಣಿ ಸಿಕ್ಕರೆ ಒಳಗೆ ಹೋಗಿ, ಕೊನೆಯ ಮನೆಗೆ ಬನ್ನಿ ಕೊಟ್ಟು, ಅದೇ ಓಣಿಯಿಂದ ಹೊರಗೆ ಬಂದು ಮುಂದೆ ನಡೆಯುತ್ತೀರಿ. ಇಲ್ಲೂ ಹಾಗೇ. ಹತ್ತರ ಗೆರೆಯಲ್ಲಿ ನಾಲ್ಕು ಚೌಕ ಆದ ಮೇಲೆ ಮೇಲಕ್ಕೆ ಎರಡು ಚೌಕದ ಕವಲು ಇದೆ ಅಂದುಕೊಳ್ಳಿ. ಕವಲಿನ ಮೊದಲ ಚೌಕ ಮೇಲೆ, ಎರಡನೆಯದು ಕೆಳಗೆ. ಅಲ್ಲೇ ತಿರುಗಿ, ಎರಡನೆಯದು ಮೇಲೆ, ಮೊದಲನೆಯದು ಕೆಳಗೆ. ಕವಲು ಅಲ್ಲೇ ಮುಗಿಯಿತು. ಐದನೆಯ ಚೌಕಕ್ಕೆ ಮುಂದೆ ಹೊರಡಿ. ತೇರು, ಪಲ್ಲಕ್ಕಿ, ನವಿಲು, ತೊಟ್ಟಿಲು ಯಾವುದೇ ಇರಲಿ, ಇಷ್ಟೇ ಲೆಕ್ಕ. ಓಣಿ ಜಾಸ್ತಿ, ಅಷ್ಟೇ. ಹೊರಟ ಜಾಗಕ್ಕೆ ಬಂದು ಮುಟ್ಟಿದಾಗ ಎಲ್ಲಿಯೂ ಸಂದು ಉಳಿದಿಲ್ಲ ಅಂತ ಕಾಣುತ್ತದಲ್ಲ, ಆ ಖುಷಿಗೆ ನಾನು ಈಗಲೂ ಸೂಜಿ ಹಿಡಿಯುತ್ತೇನೆ. ಅರವತ್ತೇಳು ನನಗೆ.

ಗೋಪುರಕ್ಕೆ ಮೊದಲೇ ಕೈ ಹಾಕುವುದು ಬೇಡ. ಅವ್ವನ ಸೀರೆಯಲ್ಲಿ ಗಮನಿಸಿ, ದೊಡ್ಡ ಗೋಪುರ ಸೆರಗಿನ ಹತ್ತಿರ ಇರುತ್ತವೆ, ಸೆರಗಿನಿಂದ ದೂರ ಹೋದ ಹಾಗೆ ಚಿತ್ರ ಚಿಕ್ಕದಾಗುತ್ತವೆ. ನೀವು ದೂರದ ತುದಿಯಿಂದ ಶುರು ಮಾಡಿ. ಅಲ್ಲಿಯ ಚುಕ್ಕಿಯನ್ನೋ ಪುಟ್ಟ ಹೂವನ್ನೋ ಚೌಕಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಮ್ಯಾಟಿ ಮೇಲೆ ಹೊಲಿಯಿರಿ. ಅವ್ವನ ಚಿತ್ರಗಳೆಲ್ಲಾ ನೋಟ್‌ಬುಕ್ಕಿಗೆ ಬಂದ ಮೇಲೆ ಸೀರೆ ಹರಿದರೂ ಅವು ಉಳಿಯುತ್ತವೆ. ಬಿಟ್ಟ ದಾರವನ್ನು ತುಂಬುವ ಕೆಲಸ ಆರು ತಿಂಗಳ ಮೇಲೆ ನೋಡೋಣ. ಅಲ್ಲಿಯವರೆಗೆ ಆ ಜಾಗದ ಹಿಂದೆ ಮೆತ್ತಗಿನ ಹತ್ತಿ ಚೂರು ಇಟ್ಟು, ಸುತ್ತ ನಾಲ್ಕು ಸಡಿಲ ಟಾಕಿ ಹಾಕಿ.

ಕಣ್ಣಿನ ಮಾತು. ಕಪ್ಪು ಬಟ್ಟೆ ಮೇಲೆ ಎಳೆ ಕಾಣುವುದಿಲ್ಲ ಅಂತ ಚಾಳೀಸು ಬರದವರೂ ಅಳುತ್ತಾರೆ. ತೊಡೆ ಮೇಲೆ ಬಿಳಿ ಅರಿವೆ ಹಾಕಿಕೊಂಡು ಅದರ ಮೇಲೆ ಕಪ್ಪು ಬಟ್ಟೆ ಹಿಡಿಯಿರಿ, ಎಳೆಗಳ ಸಂದಿನಿಂದ ಬಿಳಿ ಇಣುಕುತ್ತದೆ. ಬೆಳಗಿನ ಬೆಳಕಲ್ಲಿ, ಬಲಗೈಯವರಾದರೆ ಕಿಟಕಿ ಎಡಕ್ಕೆ ಬರುವ ಹಾಗೆ ಕೂತುಕೊಳ್ಳಿ, ಕೈಯ ನೆರಳು ಬೀಳುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಬೀದಿ ನೋಡಿ. ಸುಮ್ನೆ ನೋಡಿ. ಯಾರು ಹೋದರು, ಯಾರು ಬಂದರು ಅಂತ ಕೇಳುವವರಿಗೆ ಹೇಳಲೂ ಆಗುತ್ತದೆ. ಒಂದು ಹೊತ್ತಿಗೆ ಒಂದು ಮೊಳ ದಾರ, ಅದು ಮುಗಿದರೆ ಎದ್ದುಬಿಡಿ. ಹಬ್ಬದ ದಿನಗಳಲ್ಲೂ ಒಂದು ಮೊಳಕ್ಕೆ ಹೊತ್ತು ಸಿಗುತ್ತದೆ. ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಮಾತ್ರ ಸೂಜಿ, ಕತ್ತರಿ ಎರಡನ್ನೂ ದೇವರ ಮುಂದೆ ಇಟ್ಟು ರಜೆ ಕೊಡಿ.

ಇಷ್ಟೆಲ್ಲಾ ಮಾಡಿಯೂ ಎಣಿಕೆ ಕಣ್ಣಿಗೆ ಹತ್ತದಿದ್ದರೆ ಬೇಜಾರಾಗಬೇಡಿ. ನೀವು ಈಗ ತೊಳೆಯಲು ತೆಗೆದ ಕೌದಿಗಳಲ್ಲಿ ಒಂದಾದರೂ ಹರಿದಿರುತ್ತದೆ, ಅಲ್ವಾ? ಹಳೆ ಸೀರೆ ಚೂರು ಹಚ್ಚಿ ಅದನ್ನು ಹೊಲಿಯಿರಿ. ಕೌದಿಯ ಓಟದ ಹೊಲಿಗೆ ಗಾವಂತಿಯ ಹೋಗುವ ದಾರಿಯೇ, ತಿರುಗಿ ಬರುವುದಿಲ್ಲ ಅಷ್ಟೇ. ಎಣಿಸುವ ಗೋಜಿಲ್ಲ. ಬೆರಳು ತಾನೇ ಅಳತೆ ಕಲಿಯುತ್ತದೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿದ್ದೀರಾ? ಅಂಚಿನಿಂದ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಯಲ್ಲಿ ಮಡಿಸಿದ ಬಟ್ಟೆಯ ಹೂವು ಇಲ್ಲದೆ ಅದು ಮುಗಿಯುವುದಿಲ್ಲ. ನನ್ನ ಹತ್ತಿರ ಕಲಿಯಲು ಬಂದ ಒಬ್ಬಾಕೆ ಕಸೂತಿ ಬಿಟ್ಟು ಕೌದಿಗೆ ಹೋದಳು. ಮೊದಲು ನನಗೆ ಸಿಟ್ಟು ಬಂದಿತ್ತು. ಈಗ ಚಳಿಗಾಲದಲ್ಲಿ ನಾನು ಹೊದೆಯುವುದು ಅವಳು ಹೊಲಿದ ಕೌದಿ.

ಒಂದು ಎಚ್ಚರಿಕೆ ಉಳಿಯಿತು. ಹಬ್ಬದ ಸಂತೆಯಲ್ಲಿ ‘ಕಸೂತಿ ಸೀರೆ’ ಅಂತ ಮಿಷನ್ ಕೆಲಸದ್ದನ್ನು ತೋರಿಸುತ್ತಾರೆ. ನಮ್ಮ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಈ ಹೆಸರು ಈ ನಾಡಿನ ಕೆಲಸಕ್ಕೇ ಸೇರಿದ್ದು ಅನ್ನುವ ಸರ್ಕಾರಿ ಮುದ್ರೆ, ಸಿಕ್ಕಿದೆ, ಆದರೆ ಅಂಗಡಿಯಲ್ಲಿ ನಿಂತಾಗ ನಿಮ್ಮನ್ನು ಕಾಯುವುದು ನಿಮ್ಮ ಕೈಯೇ. ಸೆರಗು ತಿರುಗಿಸಿ. ಹಿಂದೆ ದಾರದ ಜಾಳಿಗೆ, ಅಂಟಿಸಿದ ಕಾಗದದಂಥ ಬಟ್ಟೆ ಕಂಡರೆ ಮಿಷನ್ನಿನದು. ಬೆಲೆ ಕಮ್ಮಿ ಇದ್ದರೆ ಮಿಷನ್ನಿನದು ಅಂತ ಗೊತ್ತಿದ್ದೇ ಕೊಳ್ಳಿ, ತಪ್ಪಿಲ್ಲ.

ಹತ್ತು ಚೌಕದ ಗೆರೆ, ಎರಡು ಚೌಕದ ಕವಲು ಆದ ಮೇಲೆ ನನಗೆ ಫೋಟೋ ಕಳಿಸಿ. ಮುಂಬದಿಯದು ಬೇಡ, ಹಿಂಬದಿಯದು.